ಇನ್ನೂರ ಹದಿನಾಲ್ಕು ನಂಬರು

"ಹಾಡಿನ ಕಂಪನಿಯೋರು ನೀವೇನಾ? ಬನ್ನಿ ಬನ್ನಿ, ನಿಮ್ಮನ್ನೇ ಕಾಯ್ತಾ ಇದ್ದೆ. ಬೆಳಿಗ್ಗೆಯಿಂದ ಮೂರು ಜನ ನನ್ನ ಕೊರಳಪಟ್ಟಿ ಹಿಡ್ಕೊಂಡಿದಾರೆ."

ಚಿಂತಾಮಣಿಯ ಜೋಡಿ ರಸ್ತೆಯ ಆ ಪುಟ್ಟ ಮೊಬೈಲ್ ಕರೆನ್ಸಿ ಅಂಗಡಿಯ ಮುಂದೆ ತನುಜ ಪಾಂಪ್ಲೆಟ್ಟಿನ ಕಟ್ಟು ಎದೆಗವಚಿಕೊಂಡು ನಿಂತುಬಿಟ್ಟಳು. ಕೌಂಟರಿನ ಹಿಂದಿದ್ದವನ ಮಾತು ಜೋರಾಗಿತ್ತು. ಕಣ್ಣು ಮಾತ್ರ ನಗುತ್ತಿತ್ತು.

"ಹತ್ತು ರೂಪಾಯಿ ಹಾಕಿಸ್ಕೊಂಡೋನು ಬೀದಿ ಕೊನೆ ಮುಟ್ಟೋದ್ರೊಳಗೆ ವಾಪಸ್ ಬರ್ತಾನೆ. ಬ್ಯಾಲೆನ್ಸ್ ಎಲ್ಲಿ ಅಂತಾನೆ. ನಾನು ತಿಂದ್ನಾ ಮೇಡಂ?"

"ಹಾಡು ಬೇಕಾದ್ರೆ ಒಂದು ಒತ್ತಿ ಅಂದಾಗ ಒತ್ತಿರ್ತಾರೆ ಸಾರ್. ಒತ್ತದೆ ನಾವು ದುಡ್ಡು ಕಟ್ ಮಾಡಲ್ಲ."

ಆಗ ಅದು ನಿಜವೇ ಆಗಿತ್ತು.

ಅದು ಎರಡು ಸಾವಿರದ ಎಂಟರ ನವೆಂಬರ್. ಸ್ವರಸಂಗಾತಿ ಎಂಬ ಆ ಸೇವೆ ಜಿಲ್ಲೆಗೆ ಹೊಸದು. ಒಂದು ನಂಬರಿಗೆ ಫೋನು ಮಾಡಿದರೆ ಸಾಕು, ಬೇಕಾದ ಹಾಡು ಕಿವಿಯಲ್ಲಿ ಹರಿಯುತ್ತಿತ್ತು. ತಿಂಗಳಿಗೆ ಮೂವತ್ತು ರೂಪಾಯಿ ಬ್ಯಾಲೆನ್ಸಿನಿಂದ ಹೋಗುತ್ತಿತ್ತು. ವಿದುರಾಶ್ವತ್ಥದ ಎರ್ರಪ್ಪನ ಮಗಳು ತನುಜ ಬಿ.ಕಾಂ. ಮುಗಿಸಿ ಅದರ ಚಿಕ್ಕಬಳ್ಳಾಪುರದ ಆಫೀಸಿಗೆ ಸೇರಿದ್ದಳು. ಅಪ್ಪನಿಗೆ ಲಕ್ವ ಹೊಡೆದು ಒಂದು ಕೈ ಬಿದ್ದುಹೋದ ಮೇಲೆ ಮನೆಗೆ ಸಂಬಳ ತರುವವಳು ಅವಳೊಬ್ಬಳೇ. ಗುರುವಾರ ಬಂತೆಂದರೆ ಚಿಂತಾಮಣಿಯ ಬಸ್ಸು.

ಎರಡನೇ ಗುರುವಾರ ಅಂಗಡಿಯ ವೇಣು ತನ್ನ ಫೋನು ತೋರಿಸಿದ. "ನಾನೂ ಒಂದು ಒತ್ತಿದೀನಿ ನೋಡಿ."

"ಯಾವ ಹಾಡು ಕೇಳಿದ್ರಿ?"

"ಹಾಡು ಯಾರು ಕೇಳಿದ್ರು? ನಿಮ್ಮ ಟಾರ್ಗೆಟ್‌ಗೆ ಒಬ್ಬ ಜಾಸ್ತಿ ಆಗ್ಲಿ ಅಂತ."

ಅವಳು ತಲೆ ತಗ್ಗಿಸಿದಳು. ಕೌಂಟರಿನ ಗಾಜಿನಲ್ಲಿ ಅವಳ ನಗು ಅವನಿಗೆ ಪೂರ್ತಿ ಕಾಣಿಸಿತು. ಕಾಣಿಸಿತೆಂದು ಅವಳಿಗೂ ಗೊತ್ತಾಯಿತು. ಇಬ್ಬರೂ ಸುಮ್ಮನೆ ಗಾಜನ್ನೇ ನೋಡುತ್ತ ನಿಂತರು.

ಆಮೇಲೆ ಗುರುವಾರಗಳು ಬೇಗ ಬರತೊಡಗಿದವು. "ಮೇಡಂ" ಹೋಗಿ "ತನುಜಾ" ಆಯಿತು, ಸಂಕ್ರಾಂತಿಯ ಹೊತ್ತಿಗೆ "ಕಣೇ" ಆಯಿತು. ಜನವಿಲ್ಲದ ಹೊತ್ತಲ್ಲಿ ಸ್ಪೀಕರ್ ಹಾಕಿ ಹಾಡು ಕೇಳುತ್ತ ಅವನು ರೀಚಾರ್ಜು ಮಾಡುತ್ತಿದ್ದ, ಅವಳು ಫಾರಂ ತುಂಬುತ್ತಿದ್ದಳು.

ಫೆಬ್ರವರಿಯಲ್ಲಿ ವೇಣು ಅವಳನ್ನು ಮುರುಗಮಲ್ಲ ರಸ್ತೆಯಲ್ಲಿದ್ದ ತನ್ನೂರಿಗೆ ಕರೆದುಕೊಂಡು ಹೋದ. ಅವನ ತಾಯಿ ಅಶ್ವತ್ಥಮ್ಮನಿಗೆ ಹಳೆಯ ಉಬ್ಬಸ. ಎರಡು ಮಾತಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದಳು.

"ಏಮ್ಮಾ, ಇಷ್ಟು ಸಣ್ಣಗಿದೀಯ! ನಮ್ಮ ವೇಣುಗೆ ಮುದ್ದೆ ತೊಳಸೋಕೆ ಆಗುತ್ತಾ ನಿನ್ನ ಕೈಲಿ?"

"ಅವರೇ ತೊಳಸ್ತಾರೆ ಬಿಡಿ ಅತ್ತೆ," ಅಂದುಬಿಟ್ಟಳು ತನುಜ. ಬಾಯಿಂದ ಜಾರಿದ 'ಅತ್ತೆ'ಗೆ ಕೆನ್ನೆ ಬಿಸಿಯಾಯಿತು. ಅಶ್ವತ್ಥಮ್ಮ ಕೆಮ್ಮು ಬರುವಷ್ಟು ನಕ್ಕಳು.

ಅವಳ ಕೊರಳಲ್ಲಿ ದಾರ ಕಟ್ಟಿದ ಫೋನು ನೇತಾಡುತ್ತಿತ್ತು. "ಒಂದು ಮಿಸ್ಡ್ ಕಾಲ್ ಕೊಟ್ರೆ ಚೆನ್ನಾಗಿದಾಳೆ ಅಂತ," ಎಂದ ವೇಣು. "ಎರಡು ಕೊಟ್ರೆ ಅಂಗಡಿ ಬಿಟ್ಟು ಓಡಿ ಬರ್ತೀನಿ."

ಮಾರ್ಚಿನಲ್ಲಿ ಮ್ಯಾನೇಜರ್ ಭಾನುಪ್ರಕಾಶ್ ಎಲ್ಲರನ್ನೂ ಕೂರಿಸಿಕೊಂಡ. "ಜಿಲ್ಲೆ ಆರು ಸಾವಿರ ಕಸ್ಟಮರಿಗೆ ನಿಂತುಹೋಗಿದೆ. ತಿಂಗಳ ಕೊನೆಗೆ ಹತ್ತು ಆಗ್ಲಿಲ್ಲ ಅಂದ್ರೆ ಆಫೀಸ್ ಇರಲ್ಲ. ನೀವು ನಂಬರ್ ತನ್ನಿ ಸಾಕು. ಒತ್ತಿಸೋದು ನಮಗೆ ಬಿಡಿ."

ಯಾರೂ ಒತ್ತುವುದಿಲ್ಲ, ಕಂಪನಿಯೇ ಸೇರಿಸಿಕೊಳ್ಳುತ್ತದೆ ಎಂಬುದು ಕೂತವರಿಗೆಲ್ಲ ಅರ್ಥವಾಯಿತು. ತನುಜಳಿಗೂ ಆಯಿತು.

ಆ ಗುರುವಾರ ವೇಣು, "ಡಿಸ್ಟ್ರಿಬ್ಯೂಟರ್ ಹತ್ರ ಹೋಗಿ ಬರ್ತೀನಿ, ಒಂದು ಗಂಟೆ ಅಂಗಡಿ ನೋಡ್ಕೋ," ಎಂದು ಗಲ್ಲಾದ ಬೀಗದ ಕೈ ಅವಳ ಕೈಗಿಟ್ಟು ಹೋದ. ಕೌಂಟರಿನ ಮೇಲೆ ಉದ್ದನೆಯ ನೋಟ್‌ಬುಕ್ಕಿತ್ತು. ರೀಚಾರ್ಜಿಗೆ ಬಂದವರು ತಮ್ಮ ನಂಬರು ಬರೆಯುವ ಬುಕ್ಕು. ಅವಳು ಅದನ್ನು ಮುಚ್ಚಿದಳು, ಮತ್ತೆ ತೆರೆದಳು. ಮೂವತ್ತು ರೂಪಾಯಿ ತಾನೆ, ಇಷ್ಟವಿಲ್ಲದವರು ಮುಂದಿನ ತಿಂಗಳು ಬಿಡಿಸಿಕೊಳ್ಳುತ್ತಾರೆ ಅಂದುಕೊಂಡಳು. ಹೆಸರುಗಳಿರಲಿಲ್ಲ, ಬರೀ ಅಂಕಿಗಳು. ಇನ್ನೂರ ಹದಿನಾಲ್ಕು ನಂಬರು ಇಳಿಸಿಕೊಳ್ಳುವಷ್ಟರಲ್ಲಿ ಬೆರಳು ಜೋಮು ಹಿಡಿದಿತ್ತು.

ವೇಣು ಬಂದಾಗ ಅವಳಿಗೆಂದು ಅರ್ಧ ಕೇಜಿ ದ್ರಾಕ್ಷಿ ತಂದಿದ್ದ.

ಮಾರ್ಚ್ ಮೂವತ್ತೊಂದರ ಮಧ್ಯಾಹ್ನ ಚಿಕ್ಕಬಳ್ಳಾಪುರದ ಹೋಟೆಲೊಂದರ ಹಾಲಿನಲ್ಲಿ ಪರದೆಯ ಮೇಲೆ ಕೆಂಪು ಗೆರೆ ಮೇಲಕ್ಕೇರಿತು. ಹತ್ತು ಸಾವಿರದ ಮುನ್ನೂರು. ಆದಾಯ ನಾಲ್ಕು ತಿಂಗಳಲ್ಲಿ ಮೂರು ಪಟ್ಟು. ಕೇಕು ಬಂತು. ತನುಜಳಿಗೆ ಒಂದು ಶೀಲ್ಡು ಸಿಕ್ಕಿತು.

ಸಂಜೆ ಆರಕ್ಕೆ ವೇಣುವಿನ ಫೋನು. ಅವನ ದನಿ ಅವನದಾಗಿರಲಿಲ್ಲ. "ಅಮ್ಮ ಹೋಗ್ಬಿಟ್ಲು ಕಣೇ."

ಮೂರು ಗಂಟೆಯ ಸುಮಾರಿಗೆ ಉಬ್ಬಸ ಎದ್ದಿದೆ. ನೆರೆಹೊರೆಯವರೆಲ್ಲ ಹೊಲದಲ್ಲಿದ್ದರು. ಪಕ್ಕದ ಮನೆಯ ಮುನಿಗಂಗಮ್ಮ ಬಂದು ನೋಡುವ ಹೊತ್ತಿಗೆ ಅಶ್ವತ್ಥಮ್ಮ ಬಾಗಿಲಿಗೊರಗಿ ತಣ್ಣಗಾಗಿದ್ದಳು. ಫೋನು ಕೈಯಲ್ಲೇ ಇತ್ತು.

"ಹನ್ನೊಂದು ಸಲ ನನ್ನ ನಂಬರ್ ಒತ್ತಿದಾಳೆ," ಎಂದ ವೇಣು, ಮಣ್ಣಾದ ಮರುದಿನ. "ಒಂದೂ ಬಂದಿಲ್ಲ. ಬ್ಯಾಲೆನ್ಸೇ ಇರ್ಲಿಲ್ಲ. ಭಾನುವಾರ ಮೂವತ್ತು ಹಾಕಿದ್ದೆ ನಾನು. ಯಾವುದೋ ಒಂದು ಅಂಕಿ ತಪ್ಪು ಒತ್ತಿ ಬೇರೆಯವರಿಗೆ ಕಳಿಸಿದೀನಿ. ಊರಿಗೆಲ್ಲ ರೀಚಾರ್ಜ್ ಮಾಡೋನು, ನಮ್ಮಮ್ಮಂಗೆ ನೆಟ್ಟಗೆ ಮಾಡ್ಲಿಲ್ಲ."

ತನುಜ ಅಲ್ಲಿಂದ ಎದ್ದು ಚಿಕ್ಕಬಳ್ಳಾಪುರದ ಬಸ್ಸು ಹತ್ತಿದಳು.

ಆಫೀಸಿಗೆ ಹೋಗಿ ಪಟ್ಟಿ ತೆಗೆದಳು. ಅಶ್ವತ್ಥಮ್ಮನ ನಂಬರು ನಾಲ್ಕನೇ ಹಾಳೆಯಲ್ಲಿತ್ತು, ತನ್ನದೇ ದುಂಡು ಅಕ್ಷರದಲ್ಲಿ. ತಾಯಿಗೆ ಹಾಕಿದಾಗಲೂ ವೇಣು ನಂಬರನ್ನು ಅದೇ ಬುಕ್ಕಿನಲ್ಲಿ ಬರೆದಿಡುತ್ತಿದ್ದ. ಎದುರಿಗೆ ಯಾರೋ 'ಆಯಿತು' ಎಂದು ಟಿಕ್ ಹಾಕಿದ್ದರು. ಅಂದೇ ರಾಜೀನಾಮೆ ಬರೆದಳು. ಭಾನುಪ್ರಕಾಶ್ ಕಾಗದ ಓದಲೂ ಇಲ್ಲ. "ಒಳ್ಳೇ ಟೈಮಲ್ಲಿ ಬಿಡ್ತಿದೀರಲ್ಲ ಮೇಡಂ. ಮುಂದಿನ ವರ್ಷ ಇಪ್ಪತ್ತು ಸಾವಿರ ಆಗ್ತೀವಿ."

ಮೂರು ದಿನ ಮನೆಯಲ್ಲಿ ಕೂತು ತನ್ನ ಫೋನಿನಿಂದ ಇನ್ನೂರ ಹದಿಮೂರು ಜನಕ್ಕೂ ಮಾಡಿದಳು. ಸೇವೆ ನಿಲ್ಲಿಸುವುದು ಹೇಗೆಂದು ಒಬ್ಬೊಬ್ಬರಿಗೂ ಹೇಳಿಕೊಟ್ಟಳು. ಕೆಲವರು ಬೈದರು. ಒಬ್ಬ ಮುದುಕ ಹರಸಿದ. ಅದು ಬೈಗುಳಕ್ಕಿಂತ ಕೆಟ್ಟದಾಗಿ ತಾಗಿತು.

ಉಳಿದದ್ದು ಒಂದು. ಅದನ್ನು ಫೋನಿನಲ್ಲಿ ಹೇಳುವಂತಿರಲಿಲ್ಲ.

ಹನ್ನೊಂದನೇ ದಿನದ ಕಾರ್ಯ ಮುಗಿದು ನೆಂಟರು ಹೊರಟ ಮೇಲೆ ವೇಣು ಜಗಲಿಯಲ್ಲಿ ಅವಳ ಪಕ್ಕ ಕೂತ. ಹನ್ನೊಂದು ದಿನಕ್ಕೇ ಅವನ ಕಣ್ಣು ಗುಳಿಬಿದ್ದಿತ್ತು.

"ಒಬ್ಬನೇ ಇರೋಕೆ ಆಗಲ್ಲ ತನುಜಾ. ತಿಥಿ ಗಿಥಿ ಅಂತ ವರ್ಷ ಕಾಯೋದು ಬೇಡ. ಮುಂದಿನ ತಿಂಗಳೇ ಮದುವೆ ಆಗಣ. ಅಮ್ಮಂಗೂ ನೀನಂದ್ರೆ ಇಷ್ಟ ಇತ್ತು."

ಎರಡು ತಿಂಗಳ ಹಿಂದೆ ಈ ಮಾತಿಗೆ ಅವಳು ಏನು ಬೇಕಾದರೂ ಕೊಟ್ಟಿರುತ್ತಿದ್ದಳು. ಈಗಲೂ 'ಹೂಂ' ಅಂದರೆ ಸಾಕಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ನೀವು ತಪ್ಪು ಒತ್ತಿಲ್ಲ ವೇಣು," ಎಂದಳು. "ನಿಮ್ಮ ಮೂವತ್ತು ರೂಪಾಯಿ ಅವರ ಫೋನಿಗೇ ಹೋಗಿತ್ತು. ನಮ್ಮ ಕಂಪನಿ ಕಟ್ ಮಾಡ್ಕೊಳ್ತು. ನಂಬರ್ ಕೊಟ್ಟೋಳು ನಾನು."

ಅವನು ತಿರುಗಿ ನೋಡಿದ. "ನನ್ನ ಬುಕ್ಕಿಂದಾನಾ?"

"ಹೂಂ. ನೀವು ಅಂಗಡಿ ಒಪ್ಪಿಸಿ ಹೋಗಿದ್ರಲ್ಲ, ಅವತ್ತು."

ಅವನು ಮುಖ ಆಚೆ ತಿರುಗಿಸಿದ. ಬೀದಿಯಲ್ಲಿ ಕೋಳಿಗಳು ಕೆದಕುತ್ತಿದ್ದವು.

"ಯಾಕೆ ಹೇಳ್ದೆ?"

"ತಪ್ಪು ನಿಮ್ದೇ ಅಂತ ಕೊರಗ್ತಾ ಇದ್ರಿ. ನೋಡೋಕಾಗ್ಲಿಲ್ಲ."

"ಕೋಪ ಬರ್ಲಿ ಅಂತ ಕಾಯ್ತಾ ಇದೀನಿ ಕಣೇ. ಬರ್ತಾ ಇಲ್ಲ. ಬಂದಿದ್ರೆ ಸುಲಭ ಇತ್ತು. ನಿನ್ನ ಮೇಲಿನ ಇಷ್ಟ ಹಂಗೇ ಇದೆ. ಆದ್ರೆ ಈ ಮನೇಲಿ ನಿನ್ನ ಕೈಯಿಂದ ಒಂದು ಲೋಟ ನೀರು ಇಸ್ಕೊಂಡು ಕುಡಿಯೋಕೆ ನನ್ ಕೈಲಿ ಆಗಲ್ಲ."

"ಗೊತ್ತು," ಎಂದಳು. ಎದ್ದು ಬ್ಯಾಗು ಹೆಗಲಿಗೆ ಹಾಕಿಕೊಂಡಳು.

ವೇಣು ಬೈಕು ತೆಗೆದ. ಚಿಂತಾಮಣಿಯ ಬಸ್ ಸ್ಟ್ಯಾಂಡಿನವರೆಗೂ ಹಿಂದೆ ಕೂತವಳು ಅವನ ಹೆಗಲು ಹಿಡಿಯಲಿಲ್ಲ, ಸೀಟಿನ ಕಂಬಿ ಹಿಡಿದುಕೊಂಡಳು. ಬಸ್ಸು ಹತ್ತಿದ ಮೇಲೆ ಅವನು ಕಿಟಕಿಯ ಕೆಳಗೆ ಬಂದು ನಿಂತ.

"ಸೀಟ್ ಸಿಕ್ತಾ?"

"ಸಿಕ್ತು."

"ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು. ಮನೆಗೆ ಹೋಗಿ ಊಟ ಮಾಡು."

ಅವಳು ತಲೆಯಾಡಿಸಿದಳು. ಬಸ್ಸು ಹೊರಟಿತು. ವೇಣು ಕೈ ಎತ್ತಲಿಲ್ಲ, ಹೊರಟುಹೋಗಲೂ ಇಲ್ಲ. ಬಸ್ಸು ತಿರುವು ದಾಟುವವರೆಗೂ ಅಲ್ಲೇ ನಿಂತಿದ್ದ. ಶಿಡ್ಲಘಟ್ಟ ಬರುವವರೆಗೂ ತನುಜ ಅಳಲಿಲ್ಲ.