ಬೆಂಕಿಗೂಳಿ ಮತ್ತು ಬಿದಿರಿನ ಕೊಳವೆ

ಬಹಳ ಹಿಂದೆ, ಆಮೆಗಳೂ ಮಾತಾಡುತ್ತಿದ್ದ ಕಾಲದಲ್ಲಿ, ರತ್ನಶಿಖರ ಎಂಬ ರಾಜ್ಯವಿತ್ತು. ಅದರ ಎದುರಿನ ಕರಿಬೆಟ್ಟದಲ್ಲಿ ಧೂಮಾಕ್ಷನೆಂಬ ಮಾಂತ್ರಿಕನಿದ್ದ. ಅವನ ಬಳಿ ಬೆಂಕಿ ಉಗುಳುವ ಗೂಳಿಯೊಂದಿತ್ತು. ಪ್ರತಿ ಹುಣ್ಣಿಮೆಯ ನಡುಮಧ್ಯಾಹ್ನ ಅವನು ಗೂಳಿಯನ್ನೇರಿ ಪೇಟೆಗೆ ಇಳಿಯುತ್ತಿದ್ದ. ಒಂದು ಬೀದಿ ಸುಟ್ಟುಹೋಗುತ್ತಿತ್ತು.

ಬೆಂಕಿ ಆರಿಸಲೆಂದು ರಾಜ ಅಗ್ನಿಶಾಲೆ ಕಟ್ಟಿಸಿದ್ದ. ಅಲ್ಲಿ ನಾನೂರು ಮಂದಿ. ಗುಡ್ಡದ ಮೇಲಿನ ಕೆರೆಯಿಂದ ಪೇಟೆಯವರೆಗೆ ಸಾಲಾಗಿ ನಿಂತು, ಕೈಯಿಂದ ಕೈಗೆ ಕೊಡ ದಾಟಿಸುವುದು ಅವರ ಕೆಲಸ. ಕೊಡ ಕೆಳಗೆ ಬರುವಷ್ಟರಲ್ಲಿ ನೀರು ಅರ್ಧ ಚೆಲ್ಲಿರುತ್ತಿತ್ತು, ಮನೆ ಪೂರ್ತಿ ಉರಿದಿರುತ್ತಿತ್ತು.

ಆ ಸಾಲಿನಲ್ಲಿ ಮಲ್ಲಾಜಿ ಎಂಬವಳಿದ್ದಳು, ಬುಟ್ಟಿ ಹೆಣೆಯುವ ಮೇದರ ಮನೆಯವಳು. ಅವಳ ಅಕ್ಕನ ಮನೆಗೆ ಬೆಂಕಿ ಬಿದ್ದ ದಿನ ಅವಳು ಬರಿಗೈಯಲ್ಲಿ, ಮೇಲಿನಿಂದ ಕೊಡ ಬರಲೆಂದು ಕಾಯುತ್ತ ನಿಂತಿದ್ದಳು. ಅಕ್ಕನ ಎರಡೂ ಕೈ ಬೆಂದವು. ಮರುದಿನವೇ ಮಲ್ಲಾಜಿ ಬಿದಿರು ಕಡಿದು, ಗಿಣ್ಣು ಕೊರೆದು, ಒಂದಕ್ಕೊಂದು ಜೋಡಿಸಿ ಅರಗು ಮೆತ್ತಿ, ಕೆರೆಯಿಂದ ಕೆಳಕ್ಕೆ ಇಳಿಬಿಟ್ಟಳು. ತುದಿಯಿಂದ ನೀರು ತೆಂಗಿನಮರದೆತ್ತರ ಚಿಮ್ಮಿತು.

ಅಗ್ನಿಶಾಲೆಯ ಒಡೆಯ ಕೆಂಚನಾಯಕ ಕೆಟ್ಟವನಲ್ಲ. ಅವಳ ಬೆನ್ನು ತಟ್ಟಿ ಹೊಗಳಿದ. ಹೊಸದನ್ನು ಕಂಡರೆ ತನಗೆ ಬಲು ಪ್ರೀತಿ ಎಂದ. ಆದರೆ ಮೊದಲು ಕೆರೆಯ ಆಮೆಯ ಒಪ್ಪಿಗೆ ಬೇಕು ಎಂದ.

ಆಮೆಗೆ ಮುನ್ನೂರು ವರ್ಷ. ಅದು ಕೆರೆಯ ತಳದಿಂದ ಮೇಲೆ ಬರಲು ಏಳು ದಿನ ಹಿಡಿಯಿತು. "ಕೊಡ ಮುಳುಗಿಸುವಾಗ ನನ್ನನ್ನು ಯಾರೂ ಕೇಳಿರಲಿಲ್ಲ," ಎಂದು ಹೇಳಿ ಒಪ್ಪಿಗೆ ಕೊಟ್ಟಿತು. ಮಲ್ಲಾಜಿ ಓಡಿಬಂದು ತಿಳಿಸಿದಳು.

"ಒಳ್ಳೆಯದು. ನೋಡೋಣ," ಎಂದ ಕೆಂಚನಾಯಕ. ಕರಿಬೆಟ್ಟದಲ್ಲಿ ಗೂಳಿ ಗುಟುರು ಹಾಕಿತು.

ಎರಡನೆಯದಾಗಿ, ಕೊಡಗಳ ನಿಯಮ ಕೊಳವೆಗೂ ಸಲ್ಲಬೇಕು ಎಂದ. ಕೊಡವನ್ನು ತಲೆಯ ಮೇಲೆ ಹೊತ್ತು ಕೋಟೆ ಸುತ್ತಿದರೆ ಮಾತ್ರ ಅದಕ್ಕೆ ಒಪ್ಪಿಗೆಯ ಮುದ್ರೆ ಬೀಳುತ್ತಿತ್ತು. ಕೊಳವೆಯ ಹತ್ತು ಮಾರು ಉದ್ದದ ತುಂಡೊಂದನ್ನು ತಲೆಯ ಮೇಲಿಟ್ಟುಕೊಂಡು ಮಲ್ಲಾಜಿ ಕೋಟೆ ಸುತ್ತಿದಳು. ತಿರುವು ತಿರುವಿನಲ್ಲೂ ಅದು ಯಾರದೋ ಕಿಟಕಿಗೆ ನುಗ್ಗಿತು, ತಿರುವು ತಿರುವಿನಲ್ಲೂ ಅವಳು ಕ್ಷಮೆ ಕೇಳಿದಳು.

"ಒಳ್ಳೆಯದು. ನೋಡೋಣ," ಎಂದ ಕೆಂಚನಾಯಕ. ಗೂಳಿ ಮತ್ತೆ ಗುಟುರು ಹಾಕಿತು.

ಮೂರನೆಯದಾಗಿ, ಬೆಂಕಿ ಆರಿಸಿ ತೋರಿಸು ಎಂದ. ದೊಡ್ಡ ಬೆಂಕಿ ಅಪಾಯವೆಂದು ಅಂಗಳದಲ್ಲಿ ಒಂದು ಹಣತೆ ಇಡಿಸಿದ. ಮಲ್ಲಾಜಿ ಹಲ್ಲು ಕಚ್ಚಿಕೊಂಡು ಕೊಳವೆ ತಿರುಗಿಸಿದಳು. ಹಣತೆ ಆರಿತು, ಮಣ್ಣೂ ಕೊಚ್ಚಿಹೋಯಿತು. ಅಂಗಳ ಕೆಸರಾಯಿತೆಂದು ಓಲೆಯಲ್ಲಿ ಬರೆಸಿದ ಕೆಂಚನಾಯಕ, "ನೋಡೋಣ," ಎಂದ.

ಮಲ್ಲಾಜಿ ಕೆರೆಯ ದಂಡೆಗೆ ಹೋಗಿ ಕುಳಿತು ಸಿಟ್ಟಿನಿಂದ ಅತ್ತಳು. ಆಗ ಆಮೆ ನಿಜ ಹೇಳಿತು: ಇದು ಧೂಮಾಕ್ಷನ ಮಾಟ. ಅಗ್ನಿಶಾಲೆಯವರು 'ನೋಡೋಣ' ಎಂದಾಗಲೆಲ್ಲ ಗೂಳಿ ಒಂದು ಗೇಣು ಬೆಳೆಯುತ್ತದೆ. 'ಮಾಡಿ' ಎಂದರೆ ಒಂದು ಗೇಣು ಕುಗ್ಗುತ್ತದೆ. ಆ ಮಾತನ್ನು ಅಲ್ಲಿ ಯಾರೂ ಆಡಿದ್ದಿಲ್ಲ.

ಅವಳು ಓಡಿಹೋಗಿ ಕೆಂಚನಾಯಕನಿಗೆ ತಿಳಿಸಿದಳು. ಅವನು ಗಾಬರಿಯಾಗಿ, "ಹೌದೇ? ನೋಡೋಣ," ಎಂದ.

ಹುಣ್ಣಿಮೆ ಬಂತು. ಗೂಳಿ ಅರಮನೆಯ ಗೋಪುರದಷ್ಟಾಗಿತ್ತು. ಧೂಮಾಕ್ಷನನ್ನು ಹೊತ್ತು ಅದು ಕೊಡ ದಾಟಿಸುವವರು ವಾಸಿಸುವ ಕೇರಿಗೇ ನುಗ್ಗಿತು. ಸಾಲು ಮುರಿಯಿತು, ಕೊಡಗಳು ಉರುಳಿದವು. ಮಲ್ಲಾಜಿ ಕೊಳವೆಯ ತುದಿ ಎಳೆದು ತಂದಳು. ಯಾರೂ ಕೈ ಹಾಕಲಿಲ್ಲ. ಸಾಲಿನ ಹಿರಿಯ ಬೈಲಪ್ಪ ಉರಿಯುವ ತನ್ನ ಮನೆಯ ಮುಂದೆಯೇ ನಿಂತು ಕೇಳಿದ: "ಇದು ಬಂದರೆ ನಾವು ನಾನೂರು ಜನ ಎಲ್ಲಿಗೆ ಹೋಗಬೇಕಮ್ಮ?"

ಆಮೆಯನ್ನು ಕೇಳಿದ್ದಳು, ಒಡೆಯನನ್ನು ಕೇಳಿದ್ದಳು, ಪಕ್ಕದಲ್ಲಿ ನಿಂತವರನ್ನು ಕೇಳಿರಲಿಲ್ಲ. ಮಲ್ಲಾಜಿಗೆ ನಾಚಿಕೆಯಾಯಿತು.

"ಒಬ್ಬಳ ಕೈಯಲ್ಲಿ ಇದು ನಿಲ್ಲುವುದಿಲ್ಲ ಬೈಲಪ್ಪಣ್ಣ," ಎಂದಳು. "ಒಂದೊಂದು ಜೋಡಣೆಗೂ ಒಬ್ಬರು ಬೇಕು. ನಾನೂರು ಜನವೂ ಬೇಕು."

ಬೈಲಪ್ಪ ಮೊದಲ ಜೋಡಣೆ ಹಿಡಿದ. ಉಳಿದವರು ಒಬ್ಬೊಬ್ಬರಾಗಿ ಗುಡ್ಡದುದ್ದಕ್ಕೂ ನಿಂತರು. ಎಲ್ಲರೂ ಕೆಂಚನಾಯಕನ ಮುಖ ನೋಡಿದರು. ಕೊಳವೆ ಒಡೆದರೆ ತನ್ನ ಹೆಸರು ಹೋಗುತ್ತದೆಂದು ಅವನು ಇಷ್ಟು ದಿನ ಹೆದರಿದ್ದ. ಈಗ ಉರಿಯುವ ಕೇರಿ ನೋಡಿದ.

"ಮಾಡಿ," ಎಂದ. "ಒಡೆದರೆ ತಪ್ಪು ನನ್ನದು. ಮಾಡಿ, ಮಾಡಿ."

ಗೂಳಿ ಮೂರು ಗೇಣು ಕುಗ್ಗಿತು. ಕೆರೆಯ ನೀರು ಭೋರೆಂದು ಬಂದು ಅದರ ಬಾಯಿಗೆ ಬಡಿಯಿತು. ಎರಡು ಕಡೆ ಕೊಳವೆ ಒಡೆಯಿತು, ಅಲ್ಲಿದ್ದವರು ಸೆರಗು, ರುಮಾಲು ಸುತ್ತಿ ಹಿಡಿದರು. ಬೆಂಕಿ ಆರಿತು. ಗೂಳಿ ಸಾಧಾರಣ ಬಿಳಿ ಹೋರಿಯಾಗಿ ಬಾಲ ಬೀಸಿತು. ಬೆಂಕಿಯಿಂದಲೇ ಬದುಕಿದ್ದ ಧೂಮಾಕ್ಷ ಮಸಿಯಾಗಿ ಕರಗಿ ಚರಂಡಿಗೆ ಹರಿದುಹೋದ.

ಅಗ್ನಿಶಾಲೆಯ ನಾನೂರು ಜನಕ್ಕೆ ಕೈತುಂಬ ಕೆಲಸವಾಯಿತು. ಕೇರಿಕೇರಿಗೂ ಕೊಳವೆ ಎಳೆದರು. ಮಲ್ಲಾಜಿಗೆ ಸನ್ಮಾನ ಮಾಡಲು ರಾಜ ಪಲ್ಲಕ್ಕಿ ಕಳಿಸಿದ. ಅವಳು ಎರಡು ದಿನ ನಿದ್ದೆ ಮಾಡಿ ಆಮೇಲೆ ಹೋದಳು. ರತ್ನಶಿಖರದವರು ಹೊತ್ತು ಹೊತ್ತಿಗೆ ಉಂಡು, ತಂಪಾದ ಸೂರಿನಡಿ ಮಕ್ಕಳು ಮರಿಗಳೊಂದಿಗೆ ನೂರು ಕಾಲ ಸುಖವಾಗಿದ್ದರು.