ಜೊತೆಗಿರುವವರ ಹೆಸರು

"ಭಯ್ಯಾ, ಹೆಂಡತಿಯ ಬೆನ್ನ ಮೇಲೆ ಕೈ ಇಡಿ. ನೋವು ಬಂದಾಗ ಹೀಗೆ ಉಜ್ಜಬೇಕು, ನೋಡಿ!"

ನರ್ಸ್ ಅನ್ನಮ್ಮ ಹಿಂದಿಯಲ್ಲಿ ಹೇಳಿದ್ದು ಅಲ್ಲಿದ್ದ ಎಲ್ಲ ಗಂಡಂದಿರಿಗೂ. ತೆಲುಗು ನಾಡಿನ ಸನತ್‌ನಗರದ ಆ ಸಣ್ಣ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಆರು ಜನ ತುಂಬು ಬಸುರಿಯರು ಚಾಪೆಯ ಮೇಲೆ ಕುಳಿತಿದ್ದರು. ಹಿಂದೆ ಆರು ಜನ ಗಂಡಂದಿರು. ಐವರ ಕೈಗಳು ನಾಚಿಕೊಂಡೇ ಮುಂದೆ ಬಂದವು.

ಆರನೆಯವನದು ಬರಲಿಲ್ಲ.

ಶೈಲಶ್ರೀ ಕಾದಳು. ಇನ್ನೂ ಸ್ವಲ್ಪ ಕಾದಳು... ತಿರುಗಿ ನೋಡಿದರೆ ಸೂರ್ಯಕಾಂತ ಎರಡು ಹೆಜ್ಜೆ ಹಿಂದೆ ಸರಿದು, ಗೋಡೆಗೆ ಬೆನ್ನು ಹಚ್ಚಿ, ಎರಡೂ ಕೈಗಳನ್ನು ಪ್ಯಾಂಟಿನ ಜೇಬಿನಲ್ಲಿ ತುರುಕಿಕೊಂಡು ನಿಂತಿದ್ದಾನೆ!

"ಬರ್ರೀ..." ಎಂದಳು ಮೆಲ್ಲಗೆ.

"ನಾ ಇಲ್ಲೇ ನಿಂದ್ರತೀನಿ ಶೈಲಾ. ನೋಡಾಕತ್ತೀನಲ್ಲ, ಕಲಿತೀನಿ."

"ನೋಡಿ ಕಲಿಯೂದೇನೈತಿ ಇದರಾಗ? ಒಂದು ಕೈ ಇಡ್ರಿ ಸಾಕು."

"ಬ್ಯಾಡಂದ್ನೆಲ್ಲ!"

ದನಿ ಸ್ವಲ್ಪ ಜೋರಾಯಿತು. ಕನ್ನಡ ಬಾರದವರಿಗೂ ಅರ್ಥವಾಗುವಷ್ಟು ಜೋರು. ಐದೂ ಹೆಂಗಸರು ಶೈಲಶ್ರೀಯ ಕಡೆ ನೋಡಿ, ಕೂಡಲೇ ಬೇರೆ ಕಡೆ ನೋಡಿದರು. ಕೊನೆಗೆ ಅನ್ನಮ್ಮನೇ ಬಂದು ಅವಳ ಹಿಂದೆ ಕುಳಿತು ಬೆನ್ನು ಉಜ್ಜಿದರು. ಆ ಕೈಯಲ್ಲಿ ಪಾಪ ಎನ್ನುವ ಮರುಕವಿತ್ತು. ಅದು ಅವಳಿಗೆ ಎಲ್ಲಕ್ಕಿಂತ ಹೆಚ್ಚು ಉರಿಯಿತು.

ಕ್ಲಾಸು ಮುಗಿದ ಮೇಲೆ ಎಲ್ಲರಿಗೂ ಎರಡೆರಡು ಹಾಳೆಯ ಒಂದು ಫಾರ್ಮ್ ಕೊಟ್ಟರು. ಬರ್ತ್ ಪ್ಲಾನ್. ನೋವು ತಡೆಯಲು ಇಂಜೆಕ್ಷನ್ ಬೇಕೇ? ನೋವಿನ ನಡುವೆ ಓಡಾಡಲು ಇಷ್ಟವೇ? ಹುಟ್ಟಿದ ಕೂಡಲೇ ಮಗುವನ್ನು ಎದೆಯ ಮೇಲೆ ಮಲಗಿಸಬೇಕೇ? ಲೇಬರ್ ರೂಮಿನಲ್ಲಿ ಜೊತೆಗಿರುವವರ ಹೆಸರು?

"ಎಲ್ಲವೂ ಬರೆದ ಹಾಗೇ ಆಗುತ್ತದೆ ಅಂತಲ್ಲ," ಎಂದರು ಅನ್ನಮ್ಮ. "ಆದರೆ ನಿಮಗೇನು ಬೇಕು ಅನ್ನೋದು ನಮಗೆ ಗೊತ್ತಿರಬೇಕು."

ನಿಮಗೇನು ಬೇಕು! ಎಂಟು ತಿಂಗಳು ತುಂಬಿ ಒಂಬತ್ತಕ್ಕೆ ಬಿದ್ದಿತ್ತು. ಈ ಪ್ರಶ್ನೆಯನ್ನು ಶೈಲಶ್ರೀಗೆ ಅಲ್ಲಿಯವರೆಗೆ ಒಬ್ಬರೂ ಕೇಳಿರಲಿಲ್ಲ.

ಅವಳಿಗೆ ಬೇಕಾಗಿದ್ದುದು ಬಹಳವೇನಲ್ಲ. ನೋವು ಬಂದಾಗ ಗಂಡ ಪಕ್ಕದಲ್ಲಿರಬೇಕು. ಅಷ್ಟೇ! ಅದಕ್ಕಾಗಿಯೇ ತನ್ನೂರು ಇಂಡಿಯಲ್ಲಿದ್ದ ತವರಿನವರ ಕೂಡ ಜಗಳವಾಡಿ ಇಲ್ಲಿ ಉಳಿದಿದ್ದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎಂದು ಅವಳ ತಾಯಿ ಫೋನಿನಲ್ಲಿ ಅತ್ತಿದ್ದರು. "ಅಲ್ಲಿ ಹಡದ್ರ ಇವರು ಒಳಗ ಬರಾಕ ಆಗೂದಿಲ್ಲವ್ವಾ. ಇಲ್ಲಾದ್ರ ನನ್ನ ಮಗ್ಗಲಿಗೆ ಇರ್ತಾರ," ಎಂದು ಎಷ್ಟು ಜಂಬದಿಂದ ಹೇಳಿದ್ದಳು!

ಈಗ? ಬೆನ್ನ ಮೇಲೆ ಒಂದು ಕೈ ಇಡಲು ಒಲ್ಲದವನು ಲೇಬರ್ ರೂಮಿಗೆ ಬರುತ್ತಾನೆಯೇ?

ಮನೆಗೆ ಬಂದರೆ ಅತ್ತೆ ಶಾರದಾಬಾಯಿ ಫಾರ್ಮನ್ನು ಓದಿಸಿಕೊಂಡು ಕೇಳಿದರು. ಕೇಳಿ, ಬಾಯಿ ಮೇಲೆ ಕೈ ಇಟ್ಟುಕೊಂಡರು.

"ಗಂಡಸರು ಹೆರಿಗಿ ಕೋಣಿಗೆ ಹೋಗ್ತಾರೇನ? ಏನ ಕಾಲ ಬಂತವಾ! ನೋಡು, ನಾ ಸ್ವಾಮ್ಯಾರ್‍ನ ಕೇಳೀನಿ. ಬರೂ ಗುರುವಾರ ಮುಂಜಾನಿ ಹತ್ತೂ ನಲವತ್ತಕ್ಕ ಭಾಳ ಚಲೋ ಮುಹೂರ್ತ ಐತಿ. ಆಪರೇಷನ್ ಮಾಡಿಸಿಬಿಡೂಣು. ಮಗ್ಗಲ ಮನಿ ಪಿಂಕಿದೂ ಹಂಗೇ ಮಾಡಿಸ್ಯಾರ."

"ಅತ್ತೀ, ಡಾಕ್ಟರು ನಾರ್ಮಲ್ ಆಗ್ತೈತಿ ಅಂದಾರ."

"ಆಗ್ತೈತವಾ, ಯಾರು ಇಲ್ಲಂದ್ರು? ಆದ್ರ ಮೂಲಾ ನಕ್ಷತ್ರದಾಗ ಆತಂದ್ರ?"

ಇದಕ್ಕೆ ಏನು ಉತ್ತರ ಕೊಡಬೇಕು, ನೀವೇ ಹೇಳಿ! ಶೈಲಶ್ರೀ ಗಂಡನ ಮುಖ ನೋಡಿದಳು. ಏನಾದರೂ ಅನ್ನಲಿ... ಹೂಂ ಅನ್ನಲಿ, ಉಹೂಂ ಅನ್ನಲಿ! ಅವನು ಟವೆಲ್ ತೆಗೆದುಕೊಂಡು ಬಚ್ಚಲಿಗೆ ಹೋದ. ಆ ದಿನ ಅದು ಅವನ ಮೂರನೆಯ ಸ್ನಾನ.

ಮೊದಲು ಹೀಗಿರಲಿಲ್ಲ ಅವನು. ಜೀಡಿಮೆಟ್ಲಾದ ಔಷಧ ಫ್ಯಾಕ್ಟರಿಯಿಂದ ಬಂದವನೇ ಬಾಗಿಲಲ್ಲೇ "ಶೈಲಾ" ಎಂದು ಕೂಗುತ್ತಿದ್ದ. ಒಲೆಯ ಮುಂದೆ ನಿಂತವಳ ಜಡೆ ಎಳೆಯುತ್ತಿದ್ದ. ಅತ್ತೆ ದೇವರ ಮುಂದೆ ಕುಳಿತಿದ್ದರೆ ಇನ್ನೂ ಏನೇನೋ ಮಾಡುತ್ತಿದ್ದ! ಆರನೇ ತಿಂಗಳಿಗೆ ಬಿದ್ದದ್ದೇ ತಡ, ಎಲ್ಲವೂ ನಿಂತಿತು. ಹಾಲ್‌ನಲ್ಲಿ ಚಾಪೆ ಹಾಸಿಕೊಂಡ. ಕೇಳಿದರೆ "ನಿನಗ ಮಂಚದ ಮ್ಯಾಲ ಜಾಗ ಸಾಲೂದಿಲ್ಲ" ಎಂದ. ತನ್ನ ಬಟ್ಟೆ ತಾನೇ ಒಗೆದುಕೊಳ್ಳತೊಡಗಿದ. ಮೂರು ತಿಂಗಳಲ್ಲಿ ಒಂದು ಸಲವಾದರೂ ಅವಳ ಹೊಟ್ಟೆಯ ಮೇಲೆ ಕೈ ಇಟ್ಟಿರಲಿಲ್ಲ.

ಕನ್ನಡಿಯ ಮುಂದೆ ನಿಂತರೆ ಊದಿದ ಕಾಲು, ಕಪ್ಪಾದ ಕುತ್ತಿಗೆ ಕಾಣುತ್ತಿದ್ದವು.

'ಚಂದ ಇಲ್ಲ ನಾ ಈಗ... ಅದಕ್ಕ ಅವರು ದೂರ ಸರದಾರ.'

ಹೀಗೆಂದುಕೊಂಡಾಗಲೆಲ್ಲ ಅಳು ಬರುತ್ತಿತ್ತು. ಅತ್ತರೆ ಮೂಗು ಕಟ್ಟುತ್ತಿತ್ತು. ಮೂಗು ಕಟ್ಟಿದರೆ ಉಸಿರಾಡಲಾಗದೆ ಇನ್ನೂ ಸಿಟ್ಟು ಬರುತ್ತಿತ್ತು.

ಆದರೂ ಹಟ ಬಿಡಲಿಲ್ಲ. ಫಾರ್ಮ್ ತುಂಬಿಸಿದಳು. ಜೊತೆಗಿರುವವರ ಹೆಸರು ಎಂಬಲ್ಲಿ ದುಂಡಗೆ 'ಸೂರ್ಯಕಾಂತ' ಎಂದು ಬರೆದು ಟೇಬಲ್ಲಿನ ಮೇಲೆ ಅವನಿಗೆ ಕಾಣುವಂತೆ ಇಟ್ಟು ಮಲಗಿದಳು.

ಬೆಳಿಗ್ಗೆ ಎದ್ದಾಗ ಅವನು ಮೊದಲ ಶಿಫ್ಟಿಗೆ ಹೋಗಿದ್ದ. ಫಾರ್ಮ್ ಅಲ್ಲೇ ಇತ್ತು. ನೀಲಿ ಪೆನ್ನಿನಿಂದ ಅವನ ಹೆಸರನ್ನು ಅಡ್ಡಗೆರೆ ಎಳೆದು ಹೊಡೆಯಲಾಗಿತ್ತು. ಪಕ್ಕದಲ್ಲಿ, ಅವನದೇ ಅಕ್ಷರದಲ್ಲಿ: ಶಾರದಾಬಾಯಿ.

ಶೈಲಶ್ರೀ ಆ ಗೆರೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಇಂಡಿಗೆ ಫೋನ್ ಹಚ್ಚಿದಳು.

"ಮಲ್ಲಣ್ಣಾ, ನಾಳೆ ಕಾರ್ ತಗೊಂಡು ಬಾ. ನಾ ಊರಿಗೇ ಬರ್ತೀನಿ."

"ಏನಾತು ತಂಗೀ? ಯಾರರ ಏನರ ಅಂದ್ರೇನ?"

"ಯಾರೂ ಏನೂ ಅಂದಿಲ್ಲಣ್ಣಾ. ಅದೇ ತೊಂದ್ರಿ."

ಆದರೆ ಹೇಳದೆ ಕೇಳದೆ ಹೋಗುವ ಹೆಣ್ಣಲ್ಲ ಅವಳು. ಮುಖಕ್ಕೆ ಮುಖ ಕೊಟ್ಟು ಒಂದು ಮಾತು ಕೇಳಲೇಬೇಕು! ಫಾರ್ಮನ್ನು ಮಡಚಿ ಪರ್ಸಿಗೆ ಹಾಕಿಕೊಂಡು, ಅತ್ತೆ "ಈ ಬಿಸಲಾಗ ಎಲ್ಲಿಗೆ?" ಎನ್ನುತ್ತಿದ್ದಂತೆಯೇ ಮೆಟ್ಟಿಲಿಳಿದು ಆಟೋ ಹತ್ತಿದಳು.

ಜೀಡಿಮೆಟ್ಲಾ ತಲುಪಿದಾಗ ಎರಡಕ್ಕೆ ಹತ್ತು ನಿಮಿಷ. ಗಾಳಿಯಲ್ಲಿ ಘಾಟು ಘಾಟಾದ ವಾಸನೆ. ಫ್ಯಾಕ್ಟರಿಯ ಗೇಟಿನ ಹತ್ತಿರ ಹೋಗುತ್ತಲೇ ವಾಚ್‌ಮನ್ ಅವಳ ಹೊಟ್ಟೆ ನೋಡಿ ಗಾಬರಿಯಾದ. "ಇಕ್ಕಡ ವದ್ದಮ್ಮಾ, ವದ್ದು!" ಇಲ್ಲಿ ನಿಲ್ಲಬೇಡಿ ಎಂದು ತೆಲುಗಿನಲ್ಲಿ ಹೇಳುತ್ತ ತನ್ನ ಪ್ಲಾಸ್ಟಿಕ್ ಕುರ್ಚಿಯನ್ನು ಎತ್ತಿಕೊಂಡು ಹೋಗಿ ರಸ್ತೆಯ ಆಚೆ, ಬೇವಿನ ಮರದ ಕೆಳಗೆ ಹಾಕಿಕೊಟ್ಟ.

ಶಿಫ್ಟ್ ಬಿಟ್ಟಿತು. ಸೂರ್ಯಕಾಂತ ಹೊರಬಂದ. ತಲೆಗೂದಲಿನಿಂದ ಇನ್ನೂ ನೀರು ಇಳಿಯುತ್ತಿತ್ತು. ಅವಳನ್ನು ಕಂಡವನೇ ರಸ್ತೆ ದಾಟಿ ಓಡಿಬಂದು, ಹತ್ತು ಅಡಿ ದೂರದಲ್ಲಿ ಗಕ್ಕನೆ ನಿಂತ.

"ಇಲ್ಲಿಗ್ಯಾಕ ಬಂದಿ? ತಲಿ ಕೆಟ್ಟೈತೇನ ನಿನಗ!"

"ಹೌದು, ಕೆಟ್ಟೈತಿ! ಮೂರು ತಿಂಗಳಾತು ಕೆಟ್ಟು!" ಶೈಲಶ್ರೀ ಮೊಣಕಾಲಿಗೆ ಕೈ ಊರಿ ಎದ್ದಳು. ಫಾರ್ಮ್ ತೆಗೆದು ಹಿಡಿದಳು. "ಯಾಕ ಹೊಡದ್ರಿ ನಿಮ್ಮ ಹೆಸರ?"

"ಮನಿಗೆ ಹೋಗಿ ಮಾತಾಡೂಣು..."

"ಮನ್ಯಾಗ ಮಾತಾಡ್ತೀರೇನ ನೀವು? ನನ್ನ ನೋಡಿದ್ರ ಹೇಸಿಕಿ ಬರ್ತೈತೇನ? ಹೇಳಿಬಿಡ್ರಿ. ನಾಳೆ ನಮ್ಮಣ್ಣ ಬರಾಕತ್ತಾನ. ನಾ ಹೋಗ್ತೀನಿ."

"ಥೂ! ಏನ ಮಾತಾಡಾಕತ್ತಿ ಶೈಲಾ?"

ಅವಳು ಒಂದು ಹೆಜ್ಜೆ ಮುಂದಿಟ್ಟಳು. ಅವನು ಒಂದು ಹೆಜ್ಜೆ ಹಿಂದೆ ಸರಿದ. ಇನ್ನೊಂದು ಹೆಜ್ಜೆ ಇಟ್ಟಳು. ಅವನು ಮತ್ತೆ ಸರಿದ. ಹಿಂದಿನಿಂದ ಬಂದ ಲಾರಿಯವನು ಹಾರ್ನ್ ಬಾರಿಸಿ ಬೈದುಕೊಂಡು ಹೋದ.

"ನೋಡ್ರಿ! ನೋಡ್ರಿ ಹೆಂಗ ಹಿಂದ ಸರೀತೀರಿ!" ಅವಳ ದನಿ ಒಡೆಯಿತು.

"ಮುಂದ ಬರಬ್ಯಾಡ ಶೈಲಾ... ಕೈ ಮುಗೀತೀನಿ! ನನ್ನ ಹಾರ್ಮೋನ್ ಬ್ಲಾಕ್‌ಗೆ ಹಾಕ್ಯಾರ!"

"ಅಂದ್ರ?"

"ಹಾರ್ಮೋನ್ ಪುಡಿ ತಯಾರಾಗೂ ಜಾಗ. ಅದು ಬಸುರೇರಿಗೆ ತಾಗಿದ್ರ ಕೂಸಿಗೆ ಕೆಟ್ಟದ್ದಂತ. ಅಲ್ಲಿ ಬೋರ್ಡೇ ಹಾಕ್ಯಾರ, ಡ್ಯೂಟಿ ಬಟ್ಟಿ ಮನಿಗೆ ಒಯ್ಯಬ್ಯಾಡ್ರಿ ಅಂತ. ಮೂರು ತಿಂಗಳಿಂದ ಅಲ್ಲೇ ಅದೀನಿ. ಫ್ಯಾಕ್ಟರ್ಯಾಗಿನ ಚಂದ್ರಕಾಂತಣ್ಣ ಅಂದ... ಬಟ್ಟಿ ಅಷ್ಟೇ ಅಲ್ಲ, ಹೆಂಡ್ತೀನೂ ಮುಟ್ಟಬ್ಯಾಡ, ಕೂಸು ಹುಟ್ಟಿದ ಮ್ಯಾಲೂ ಕೆಲವು ದಿನ ಎತ್ತಿಕೊಳ್ಳಬ್ಯಾಡ ಅಂತ."

ಶೈಲಶ್ರೀ ಚಾಚಿದ್ದ ಫಾರ್ಮನ್ನು ಕೆಳಗಿಳಿಸಿದಳು.

"ನನ್ನ ಕೈಯಿಂದ ಕೂಸಿಗೆ ಏನರ ಆತಂದ್ರ ನಾ ಹೆಂಗ ಬದುಕ್ಲಿ?" ಅವನ ಕಣ್ಣು ತುಂಬಿ ಬಂತು. "ಹಾಲ್‌ನ್ಯಾಗ ಮಲಗಿ ನೀ ಮಗ್ಗಲ ಬದಲಿಸೂದು ಕೇಳ್ತಿದ್ನಿ. ಕಾಲು ಹಿಡಕೊಂಡು ನೀ ನರಳೂದೂ ಕೇಳ್ತಿದ್ನಿ. ಎದ್ದು ಬಾಗಲತನಾ ಬಂದು ಹೊಳ್ಳಿ ಹೋಗ್ತಿದ್ನಿ."

"ನನಗ ಯಾಕ ಹೇಳಲಿಲ್ಲ?"

"ಹೆದರತಿ ಅಂತ. ಹೆದರಿದ್ರ ಬಿ.ಪಿ. ಏರತೈತಿ ಅಂತ..."

ಎದೆಯ ಮೇಲಿಂದ ಕಲ್ಲು ಇಳಿದಂತಾಯಿತು ಅವಳಿಗೆ. ಹಾಗಂತ ಸಿಟ್ಟು ಇಳಿಯಿತೇ? ಎಲ್ಲಿಂದ! ನಿಜ ಹೇಳಬೇಕೆಂದರೆ ಆಗಲೇ ಅದು ನೆತ್ತಿಗೇರಿದ್ದು.

"ಮುಹೂರ್ತ ಅತ್ತಿ ಇಟ್ರು. ಎಲ್ಲಿ ಹಡೀಬೇಕು ಅಂತ ನಮ್ಮವ್ವ ಹಟ ಹಿಡದ್ಲು. ಮುಟ್ಟೂದು ಬಿಡೂದು ನೀ ನಿಶ್ಚಯ ಮಾಡ್ದಿ. ಹಡಿಯಾಕಿ ನಾನು! ನನ್ನ ಒಂದು ಮಾತು ಕೇಳಿದ್ರ ಏನಾಗ್ತಿತ್ತು ನಿನಗ?"

ಮದುವೆಯಾಗಿ ಎರಡು ವರ್ಷದಲ್ಲಿ ಮೊದಲ ಸಲ ಗಂಡನಿಗೆ 'ನೀ' ಎಂದಿದ್ದಳು. ಅವಳಿಗೆ ಅದರ ಪರಿವೆಯೂ ಇರಲಿಲ್ಲ.

"ಮೂರು ತಿಂಗಳು ಕನ್ನಡಿ ಮುಂದ ಅತ್ತೀನಿ ನಾ. ಬಿ.ಪಿ. ಅಂತ ಬಿ.ಪಿ.! ಯಾರವ ಆ ಚಂದ್ರಕಾಂತ? ಡಾಕ್ಟ್ರೇನ?"

"ಅಲ್ಲ..." ಸೂರ್ಯಕಾಂತ ತಲೆ ತಗ್ಗಿಸಿದ. "ಪ್ಯಾಕಿಂಗ್ ಸೆಕ್ಷನ್. ಆದ್ರ ಹದಿನೈದು ವರ್ಷದ ಸರ್ವಿಸ್ ಐತಿ."

"ನಡೀರಿ ಆಸ್ಪತ್ರಿಗೆ!"

ಆಟೋದಲ್ಲಿಯೂ ಅವನು ಡ್ರೈವರನ ಪಕ್ಕದಲ್ಲಿ ಅರ್ಧ ಸೀಟಿನ ಮೇಲೆ ಕುಳಿತ. ಶೈಲಶ್ರೀ ಹಿಂದೆ ಕುಳಿತು ಅವನ ಒದ್ದೆ ಕುತ್ತಿಗೆಯನ್ನೇ ನೋಡಿದಳು. ಎಷ್ಟು ಸೊರಗಿದ್ದಾನೆ! ತನ್ನ ಸಿಟ್ಟಿನಲ್ಲಿ ಇದನ್ನು ತಾನೂ ನೋಡಿರಲಿಲ್ಲ. ಅಪ್ಪಿಕೊಳ್ಳಬೇಕು ಎನಿಸಿತು. ಎರಡು ಬಾರಿಸಬೇಕು ಎಂದೂ ಎನಿಸಿತು.

ಡಾಕ್ಟರ್ ನಳಿನಿ ಎಲ್ಲವನ್ನೂ ಕೇಳಿಸಿಕೊಂಡು ಹಿಂದಿಯಲ್ಲಿ ಪ್ರಶ್ನೆ ಹಾಕಿದರು.

"ಡ್ಯೂಟಿ ಬಟ್ಟೆ?"

"ಅಲ್ಲೇ ಬಿಡುತ್ತೇನೆ ಮೇಡಂ. ಮಾಸ್ಕು, ಗ್ಲೌಸು, ಎಲ್ಲವೂ ಅಲ್ಲೇ."

"ಸ್ನಾನ?"

"ಅಲ್ಲಿ ಎರಡು ಸಲ. ಮನೆಗೆ ಬಂದು ಮತ್ತೊಂದು ಸಲ."

ಡಾಕ್ಟರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಷ್ಟು ಉಜ್ಜಿಕೊಂಡವನ ಮೈಮೇಲೆ ಸೋಪು ಬಿಟ್ಟರೆ ಇನ್ನೇನು ಉಳಿದಿರುತ್ತದಪ್ಪಾ? ಜಾಗ್ರತೆ ಒಳ್ಳೆಯದೇ. ಬೇರೆ ಬ್ಲಾಕಿಗೆ ಹಾಕಿ ಎಂದು ನಾನು ಪತ್ರ ಬರೆದುಕೊಡುತ್ತೇನೆ, ನಾಳೆಯೇ ಕೊಡಿ. ಆದರೆ ಹೀಗೆ ತೊಳೆದುಕೊಂಡು ಬಂದವನು ಹೆಂಡತಿಯನ್ನು ಮುಟ್ಟಬಾರದು ಎಂದು ಯಾರು ಹೇಳಿದ್ದು?"

"ಪ್ಯಾಕಿಂಗ್ ಸೆಕ್ಷನ್," ಎಂದಳು ಶೈಲಶ್ರೀ.

ಸೂರ್ಯಕಾಂತ ನಗಲಿಲ್ಲ. ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಡಾಕ್ಟರ ಎದುರಿಗೇ ಅತ್ತುಬಿಟ್ಟ. ನಾಲ್ಕು ಸಲ ಇದೇ ಕೋಣೆಗೆ ಹೆಂಡತಿಯ ಜೊತೆ ಬಂದು, ಕೇಳಲು ಧೈರ್ಯವಾಗದೆ ಎದ್ದು ಹೋಗಿದ್ದ ಪುಣ್ಯಾತ್ಮ!

ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಕುಳಿತ ಮೇಲೆ ಅವನು ತಾನಾಗಿಯೇ ತಾಯಿಗೆ ಫೋನ್ ಮಾಡಿದ.

"ಅವ್ವಾ, ಗುರುವಾರದ್ದು ಬ್ಯಾಡ. ಸ್ವಾಮ್ಯಾರ್‍ಗೆ ಹೇಳಿಬಿಡು. ಕೂಸು ಯಾವಾಗ ಬರ್ತೈತೋ ಅವಾಗ ಬರಲಿ... ಮೂಲಾ ಆದ್ರೂ ನಡೀತೈತಿ... ಇಲ್ಲವ್ವಾ, ನೀ ಹೊರಗ ಕುಂದ್ರು. ಒಳಗ ನಾ ಹೋಗ್ತೀನಿ... ಹೌದು, ಗಂಡಸೇ! ಗಂಡಸೇ ಹೋಗ್ತೀನಿ!"

ಆಚೆಯಿಂದ ಬಂದ ಬೈಗುಳ ಶೈಲಶ್ರೀಗೂ ಕೇಳಿಸಿತು. ಅವನು ಒಂದನ್ನೂ ತಪ್ಪಿಸಿಕೊಳ್ಳದೆ ಕೇಳಿ ಮುಗಿಸಿದ. ಫಾರ್ಮ್ ಇಸಿದುಕೊಂಡು ತಾಯಿಯ ಹೆಸರನ್ನು ಹೊಡೆದು ಮತ್ತೆ ತನ್ನದನ್ನು ಬರೆದ. ಹಾಳೆ ಪೂರಾ ಗಲೀಜಾಯಿತು.

"ನಿಮ್ಮಣ್ಣಗೂ ಬರಬ್ಯಾಡ ಅಂತ ಹೇಳು," ಎಂದ.

"ನೋಡೂಣು," ಎಂದಳು. ಆದರೆ ಬರಬೇಡ ಎಂಬ ಮೆಸೇಜ್ ಅಣ್ಣನಿಗೆ ಆಗಲೇ ಹೋಗಿತ್ತು.

"ಶೈಲಾ... ಕೈ ಇಡ್ಲೇನ?"

ಕೈ ಮುಂದೆ ಚಾಚಿದ್ದ. ಶೈಲಶ್ರೀ ಅದನ್ನು ಹಿಡಿದು, ಸೆರಗಿನ ಕೆಳಗೆ, ಹೊಟ್ಟೆಯ ಬಲಗಡೆ ಇಟ್ಟುಕೊಂಡಳು. ಅವನು ಉಸಿರು ಬಿಗಿಹಿಡಿದು ಕುಳಿತ.

"ಏನೂ ಆಗವಲ್ದಲ್ಲ?"

"ಕೂಸು ಮಲಗಿರಬೇಕು."

"ಏಳೂತನಾ ಕುಂದ್ರತೀನಿ."

"ಇಲ್ಲೇ? ಎಲ್ಲಾರೂ ನೋಡಾಕತ್ತಾರ್ರೀ..."

"ನೋಡ್ಲಿ." ಅವನು ಇನ್ನಷ್ಟು ಹತ್ತಿರ ಸರಿದ. "ಮೂರು ತಿಂಗಳದ್ದು ಬಾಕಿ ಐತಿ ನನಗ."

ಅವಳ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳುತ್ತ, ಮುಖ ಬಿಗಿದುಕೊಂಡೇ ಹೇಳಿದಳು.

"ನನ್ನ ಸಿಟ್ಟು ಇನ್ನೂ ಹೋಗಿಲ್ಲ ಮತ್ತ."

"ಹೋಗೂದು ಬ್ಯಾಡ, ಇಟ್ಟುಕೋ. ಲೇಬರ್ ರೂಮಿನ್ಯಾಗ ನೋವು ಬಂದಾಗ ಬೈಯಾಕ ಯಾರರ ಬೇಕಲ್ಲ..." ಅವನು ಅವಳ ಭುಜಕ್ಕೆ ತಲೆ ಆನಿಸಿದ. "ನಾ ಅಲ್ಲೇ ಇರ್ತೀನಿ."