ಒಂಬತ್ತು ತುಂಡಿನ ಪದ

“ಪದವನ್ನ ನುಂಗಿಬಿಟ್ಟಿದ್ದೀರಿ.”

ಧ್ವನಿಮುದ್ರಣದ ಕೋಣೆಗೆ ಬಂದವನು ಆಡಿದ ಮೊದಲ ಮಾತೇ ಇದು. ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಅವಳು ವಿಜ್ಞಾನದ ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡುತ್ತಿದ್ದಳು. ಅವನು ಆ ವಿದ್ಯಾರ್ಥಿಗಳ ಮೇಷ್ಟ್ರು. ಅವನಿಗೂ ಹುಟ್ಟಿನಿಂದ ದೃಷ್ಟಿಯಿಲ್ಲ. ಅವಳ ಓದಿನಲ್ಲಿ ತಪ್ಪು ಹುಡುಕುವ ಕೆಲಸ ಅವನಿಗೆ ಹೊಸದಾಗಿ ಬಂದಿತ್ತು.

ಅವಳಿಗೆ ಮೈಯೆಲ್ಲ ಉರಿಯಿತು. ಐದು ವರ್ಷದಲ್ಲಿ ಯಾರೂ ಹೀಗೆ ಮುಖಕ್ಕೆ ಹೊಡೆದ ಹಾಗೆ ಹೇಳಿರಲಿಲ್ಲ!

ಪದ, ಎಲೆಕ್ಟ್ರೋಎನ್‌ಸೆಫಲಾಗ್ರಫಿ. ಅವನು ಮೇಜಿನ ಮೇಲೆ ಬೆರಳು ತಟ್ಟುತ್ತಾ ಬಿಡಿಸಿದ. ಎ, ಲೆಕ್, ಟ್ರೋ, ಎನ್, ಸೆಫ್, ಅ, ಲಾಗ್, ರ, ಫಿ. ಉಚ್ಚಾರಕ್ಕೆ ಒಂಬತ್ತು ತುಂಡು, ಅರ್ಥಕ್ಕೆ ಮೂರೇ: ವಿದ್ಯುತ್ತು, ಮಿದುಳು, ಬರಹ. ಮಿದುಳಿನ ವಿದ್ಯುತ್ತನ್ನು ಬರೆದಿಡುವ ವಿಧಾನ. ಒಂದು ತುಂಡು ಬಿದ್ದುಹೋದರೂ ಮಕ್ಕಳು ಪರೀಕ್ಷೆಯಲ್ಲಿ ಹಾಗೇ ಬರೆದು ಬರುತ್ತಾರೆ, ಅವರಿಗೆ ಇರುವುದು ನಿಮ್ಮ ಧ್ವನಿಯೊಂದೇ ಎಂದ.

ಅವಳ ಸಿಟ್ಟು ಅಲ್ಲೇ ಇಳಿಯಿತು.

ಆರು ತಿಂಗಳು ಇಬ್ಬರೂ ಪಕ್ಕಪಕ್ಕ ಕೂತು ಇಂಥ ನೂರಾರು ಪದಗಳನ್ನು ಬಿಡಿಸಿದರು, ಕೂಡಿಸಿದರು. ನಡುನಡುವೆ ಅವಳ ಅಪ್ಪನ ಮುಂಗೋಪ, ಅವನ ಅಕ್ಕನ ಬಾಯಿಬಡುಕತನ ಎಲ್ಲವೂ ಮಾತಿಗೆ ಬಂದವು. ಅವನು ಬರುವ ದಿನ ಅವಳು ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಲ್ಲತೊಡಗಿದಳು. ಯಾರು ನೋಡಬೇಕು ಅಂತ ಈ ಶೃಂಗಾರ, ಎಂದು ಅವಳಿಗೇ ನಗು ಬರುತ್ತಿತ್ತು.

ಒಂದು ಸೋಮವಾರ ಅವನು ಬರಲಿಲ್ಲ. ಮೇಲ್ವಿಚಾರಕಿ ಅವನ ಪತ್ರವನ್ನು ಅವಳ ಕೈಗಿತ್ತಳು. ‘ಈ ಧ್ವನಿಯ ಜೊತೆ ನಾನಿನ್ನು ಕೆಲಸ ಮಾಡಲಾರೆ.’

ಅವಳು ಅದನ್ನು ಎರಡು ಸಲ ಓದಿದಳು. ಅಷ್ಟು ಬೇಡವಾದೆನೇ ನಾನು...

ಎರಡು ದಿನ ಅವಳಿಗೆ ಊಟ ಸೇರಲಿಲ್ಲ. ಮೂರನೆಯ ದಿನ ಶಾಲೆಗೇ ಹೋದಳು. ಅಧ್ಯಾಪಕರ ಕೋಣೆಯಲ್ಲಿ ಅವನೊಬ್ಬನೇ ಇದ್ದ.

“ನನ್ನ ಓದಿನಲ್ಲಿ ಏನು ತಪ್ಪಿತ್ತು? ನನ್ನೆದುರಿಗೇ ಹೇಳಿ.”

ಅವನು ಧ್ವನಿ ಬಂದ ಕಡೆಗೆ ಮುಖ ತಿರುಗಿಸಿದ.

“ಹದಿನಾಲ್ಕು ತಪ್ಪಿತ್ತು. ಮಕ್ಕಳು ಕಿರುಪರೀಕ್ಷೆಯಲ್ಲಿ ಹಾಗೇ ಬರೆದು ಬಂದ್ರು. ನನಗೆ ಒಂದೂ ಕೇಳಿಸಿರ್ಲಿಲ್ಲ.”

ಅವಳಿಗೆ ತಿಳಿಯಲಿಲ್ಲ.

“ನೀವು ಓದುವಾಗ ನಾನು ಪಾಠ ಕೇಳ್ತಾ ಇರ್ಲಿಲ್ಲ... ನಿಮ್ಮನ್ನ ಕೇಳ್ತಾ ಇದ್ದೆ. ನನ್ನ ಸುಖಕ್ಕೆ ಆ ಮಕ್ಕಳು ಯಾಕೆ ಫೇಲಾಗ್ಬೇಕು?”

ಹದಿನಾಲ್ಕು ತಪ್ಪಿಗೆ ಅವಳಿಗೆ ನಿಜಕ್ಕೂ ನಾಚಿಕೆಯಾಯಿತು. ಎಲ್ಲವನ್ನೂ ಮತ್ತೆ ಓದಿಕೊಡುತ್ತೇನೆ ಎಂದಳು. ಹೇಳುತ್ತಲೇ ಕಣ್ಣು ತುಂಬಿ ಬಂತು. ಕುರ್ಚಿ ಎಳೆದುಕೊಂಡು ಅವನ ಕೈ ಹಿಡಿದಳು.

“ತಪ್ಪು ಹುಡುಕೋಕೆ ಬೇರೆ ಯಾರಾದ್ರೂ ಬರ್ಲಿ. ನೀವು ನನ್ನ ಪಕ್ಕ ಸುಮ್ನೆ ಕೂತಿರಿ.”

“ಒಂದ್ಸಲ ಕೂತ್ರೆ ನಾನು ಏಳೋನಲ್ಲ.”

“ಏಳಿ ಅಂತ ಯಾರು ಹೇಳಿದ್ರು?”